ಫಸ್ಟ್ ಷೋ ಹೊತ್ತಿಗೆ ತರ್ಕಶಾಸ್ತ್ರ

ಗಾಂಧಿನಗರದಲ್ಲಿ ನಮ್ಮ ಸಂಜೆ ಕಾಲೇಜಿಗೂ
ಗಜಗೌರಿ ಟಾಕೀಸಿಗೂ ಒಂದೇ ಗೋಡೆ.
ಈಚೆ ನಾನು, ಸೀಮೆಸುಣ್ಣ ಹಿಡಿದು, ಐದು ಜನಕ್ಕೆ.
ಆಚೆ ಎಂಟುನೂರು ಜನ, ಬೀಡಿ ಹೊಗೆ, ಬಾಲ್ಕನಿ ಫುಲ್.

‘ಜ್ಞಾನ ಎಂದರೇನು’ ಅಂತ ಬರೆದು ತಿರುಗುವಷ್ಟರಲ್ಲಿ
ಗೋಡೆಯೊಳಗಿಂದ ಯಾರೋ ನಕ್ಕರು,
ಬಾಡಿಗೆ ಕೊಲೆಗಾರನ ಎದೆ ನಗು.
ಏಳೂ ನಲವತ್ತಕ್ಕೆ ಫೈಟು. ಆಗ ಹಾಜರಿ ಕರೆಯುತ್ತಿದ್ದೆ.
ಎಂಟೂ ಹತ್ತಕ್ಕೆ ತಾಯಿ ಸಾಯುವಳು, ವಾರಕ್ಕೆ ಏಳು ಸಲ.
ಆ ಹೊತ್ತಲ್ಲಿ ಅನುಮಾನ ಪ್ರಮಾಣ ಮುಟ್ಟುತ್ತಿರಲಿಲ್ಲ:
ಆಚೆ ಚಿತೆಯ ಪಿಟೀಲು ಏಳುವಾಗ
ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಲು ಬಾಯಿ ಬರುತ್ತಿರಲಿಲ್ಲ.

ಹಗ್ಗ, ಹಾವಿನ ಪಾಠ ಒಂದು ದಿನ ತಡವಾಯಿತು.
ಮಬ್ಬಿನಲ್ಲಿ ಹಾವೆಂದು ಬೆಚ್ಚಿದೆವು. ದೀಪ ತಂದರು. ಹಗ್ಗ.
ಹಗ್ಗವೆಂದು ತಿಳಿದದ್ದೇ ತಡ, ಭಯ ಹೋಯಿತು.
ಇಷ್ಟು ಹೇಳಿ ಕೈ ಒರೆಸಿಕೊಂಡೆ.
ಹಿಂದಿನ ಬೆಂಚಿನ ಲಿಂಗೋಜಿ,
ಹಗಲು ಚಿಕ್ಕಪೇಟೆಯಲ್ಲಿ ಲೆಕ್ಕದ ಪುಸ್ತಕಕ್ಕೆ ರಟ್ಟು ಕಟ್ಟುವವ,
ಅಂಟು ಒಣಗಿದ ಬೆರಳೆತ್ತಿ ಎದ್ದ:
“ಮೇಡಂ, ಬರೀ ಬಟ್ಟೆ ಅಂತ ಗೊತ್ತಿದ್ದೇ ಒಳಗೆ ಹೋಗ್ತೀವಿ.
ಟಿಕೆಟ್ಟೂ ಹರಿಸ್ಕೋತೀವಿ.
ಮತ್ತೆ ಅಳು ಯಾಕೆ ಹೋಗಲ್ಲ?”

ಗೋಡೆಯಾಚೆ ತಾಯಿ ಸಾಯುತ್ತಿದ್ದಳು.
ನಾಳೆ ಹೇಳ್ತೀನಿ ಅಂದೆ.
ಹತ್ತೊಂಬತ್ತು ವರ್ಷ ಹೇಳಿದ ಪಾಠ.

ಆ ರಾತ್ರಿಯೇ ಸೆಕೆಂಡ್ ಷೋ ಹೊತ್ತಿಗೆ
ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಹೋದೆ.
ಬನಿಯನ್ನಿನಲ್ಲಿದ್ದ ದಸ್ತಗೀರ್ ಸಾಬರು ಅಂಗಿಗಾಗಿ ತಡಕಾಡಿದರು.
ನೆಲದ ಮೇಲೆ ಕಪ್ಪಗೆ ಸುರುಳಿ. ಚಿಟ್ಟನೆ ಚೀರಿದೆ.
“ತುಂಡಾದ ರೀಲಮ್ಮ. ಕಚ್ಚಲ್ಲ.”
ಹಗ್ಗವಲ್ಲ, ಹಾವೂ ಅಲ್ಲ.
ನನ್ನ ನೋಟ್ಸಿನಲ್ಲಿ ಮೂರನೆಯದು ಇರಲೇ ಇಲ್ಲ.

ಮಿಷನ್ನಿನ ಪಕ್ಕೆ ತೆರೆದು ತೋರಿಸಿದರು,
ಗಿರಗಿರ ತಿರುಗುವ ಒಂದು ತಗಡು.
“ಒಂದು ಚಿತ್ರ ಇಳಿದು ಇನ್ನೊಂದು ಬರೋವಾಗ
ಇದು ಬೆಳಕು ಮುಚ್ಚುತ್ತೆ. ಲೆಕ್ಕ ಹಾಕಿ,
ಮೂರು ಗಂಟೆ ಪಿಚ್ಚರ್‌ನಲ್ಲಿ ಒಂದೂವರೆ ಗಂಟೆ ಕತ್ತಲು.
ಇವತ್ತಿನ ತನಕ ಒಬ್ರೂ ದುಡ್ಡು ವಾಪಸ್ ಕೇಳಿಲ್ಲ.
ಆ ಕತ್ತಲಿಗೆ ಬೇಕಾದ್ದು
ಅವರವರೇ ಮನೆಯಿಂದ ತಂದಿರ್ತಾರೆ.”

ಅಷ್ಟರಲ್ಲಿ ಐದನೇ ರೀಲು ಬರಬೇಕಿತ್ತು, ಬರಲಿಲ್ಲ.
ಒಂದೇ ಪ್ರಿಂಟು, ಎರಡು ಟಾಕೀಸು.
ರೀಲು ತರುವ ಹುಡುಗನ ಸೈಕಲ್ಲು ಉಪ್ಪಾರಪೇಟೆಯಲ್ಲಿ
ಯಾವುದೋ ಗಣೇಶನ ಮೆರವಣಿಗೆಗೆ ಸಿಕ್ಕಿಕೊಂಡಿತ್ತು.
ಸಾಬರು ಬೆಳಕು ಆರಿಸಲಿಲ್ಲ.
ಹನ್ನೊಂದು ನಿಮಿಷ, ಪರದೆ ಬೆಳ್ಳಗೆ.

ಕಿಂಡಿಯಲ್ಲಿ ಮುಖವಿಟ್ಟು ನೋಡಿದೆ.
ಸಿಳ್ಳೆ, ಬೈಗುಳ, ಚಪ್ಪಲಿ ಸದ್ದು. ಆಮೇಲೆ
ಬಾಲ್ಕನಿಯಲ್ಲಿ ಯಾರೋ ಕುರ್ಚಿ ಹತ್ತಿ ಕೈ ಎತ್ತಿದರು,
ಪರದೆಯ ಮೇಲೆ ಒಂದು ಹಕ್ಕಿ.
ಇನ್ನೊಂದು ಕೈ ನಾಯಿಯಾಗಿ ಅದನ್ನು ಅಟ್ಟಿತು.
ಎಂಟುನೂರು ಜನ ಹಕ್ಕಿಯ ಕಡೆ ಸೇರಿಕೊಂಡರು.
“ಹಾರೋ, ಹಾರೋ ಮಗಾ” ಅಂತ ಒಂದು ಮುದುಕಿಯ ದನಿ,
ಒದ್ದೆಯಾಗಿತ್ತು.

ಮರುದಿನ ಲಿಂಗೋಜಿಗೆ ಇದನ್ನಷ್ಟೇ ಹೇಳಿದೆ.
ಅವನು ಬರೆದುಕೊಳ್ಳಲಿಲ್ಲ.
ಪರೀಕ್ಷೆಗೆ ಬರುವುದಲ್ಲ ಅಂತ ತಿಳಿದಿರಬೇಕು.

ಈಗ ಗೋಡೆ ಇಲ್ಲ. ಆಚೆ, ಈಚೆ ಸೇರಿ ಪಾರ್ಕಿಂಗ್ ಜಾಗ,
ಗಂಟೆಗೆ ನಲವತ್ತು ರೂಪಾಯಿ.
ಹೋದ ತಿಂಗಳು ಮಿಂಟೋ ಆಸ್ಪತ್ರೆಯಲ್ಲಿ
ದಸ್ತಗೀರ್ ಸಾಬರ ಕಣ್ಣಿನ ಪೊರೆ ತೆಗೆದರು.
ಪಟ್ಟಿ ಬಿಚ್ಚಿ ಡಾಕ್ಟರಮ್ಮ ಕೇಳಿದಳು, ಏನು ಕಾಣ್ತಿದೆ?
“ಬೆಳ್ಳಗಿದೆ. ರೀಲು ಇನ್ನೂ ಬಂದಿಲ್ಲ.”

ಮಂಚದ ಕಾಲುಕಡೆ, ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ ನಾನು,
ಈ ವಯಸ್ಸಿನಲ್ಲಿ,
ಹೆಬ್ಬೆರಳಿಗೆ ಹೆಬ್ಬೆರಳು ಹೆಣೆದು
ಕೈ ಎತ್ತಿದೆ.